ಪಹಣಿಗೆ ಬಿದ್ದ ಬೀಗ

ಹಳೆಯ ವಾಲ್ವ್ ರೇಡಿಯೋ ಪೆಟ್ಟಿಗೆಯನ್ನು ಬಲ್ಲ ಓದುಗರು ಅದರ ಮುಖವನ್ನೂ ಬೆನ್ನನ್ನೂ ಒಮ್ಮೆ ನೆನಪಿಗೆ ತಂದುಕೊಳ್ಳಬೇಕು. ಮುಖದ ಕಡೆ ಎರಡು ಮೂರು ಗುಂಡಿಗಳು. ಮನೆಯ ಚಿಕ್ಕ ಹುಡುಗನೂ ಅವನ್ನು ತಿರುಗಿಸಬಹುದು. ಬೇಕಾದ ನಿಲಯಕ್ಕೆ ಮುಳ್ಳನ್ನು ತರಬಹುದು, ದನಿಯನ್ನು ಏರಿಸಬಹುದು, ಇಳಿಸಬಹುದು. ತಪ್ಪಿ ತಿರುಗಿಸಿದರೆ ಗೊರಗೊರ ಸದ್ದು ಬಂದೀತೇ ಹೊರತು ಯಾರಿಗೂ ಕೇಡಿಲ್ಲ. ಬೆನ್ನಿನ ಕಡೆ ಮಾತ್ರ ರಟ್ಟಿನ ಮುಚ್ಚಳ, ಅದರ ಮೂಲೆಗಳಿಗೆ ತಿರುಪು. ಒಳಗಿರುವುದು ಜೀವ ತೆಗೆಯಬಲ್ಲ ವಿದ್ಯುತ್ತು. ಅಲ್ಲಿಗೆ ಹುಡುಗನ ಕೈ ಹೋಗಬಾರದು. ಆದರೆ ರಿಪೇರಿಯವನ ಕೈ ಹೋಗಲೇಬೇಕು. ಅದಕ್ಕಾಗಿ ಮುಚ್ಚಳವನ್ನು ತಿರುಪು ಹಾಕಿ ಕೂರಿಸುತ್ತಾರೆ, ಬೆಸುಗೆ ಹಾಕುವುದಿಲ್ಲ.

ಯಂತ್ರವನ್ನು ಮಾಡುವವರು ಅದನ್ನು ಬಳಸುವವರಿಗೆ ಎಲ್ಲಿ ಕೈ ಬಿಡಬೇಕು, ಎಲ್ಲಿ ಕೈ ಹಿಡಿಯಬೇಕು, ಮುಚ್ಚಿದ್ದನ್ನು ತೆರೆಯುವ ಅಧಿಕಾರ ಯಾರದಾಗಿರಬೇಕು ಎಂಬ ಪ್ರಶ್ನೆಯೆಲ್ಲ ಈ ಪೆಟ್ಟಿಗೆಯಲ್ಲೇ ಅಡಗಿದೆ. ಗಣಕಯಂತ್ರಗಳ ಕಾಲದಲ್ಲಿ ಅದೇ ಪ್ರಶ್ನೆ ತಂತ್ರಾಂಶ ಬರೆಯುವವರ ಮೇಜಿನ ಮೇಲೆ ಬಂದು ಕುಳಿತಿದೆ. ಅದನ್ನು ಕಂಡುಕೊಳ್ಳಲು ನಾವು ದೂರ ಹೋಗಬೇಕಾಗಿಲ್ಲ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಬೆಟ್ಟಗಳಲ್ಲಿ ಜಮೀನುಳ್ಳ ಮನೆಗಳ ಬೀರುವಿನಲ್ಲಿ ಮಡಿಸಿಟ್ಟ ಒಂದು ಕಾಗದವಿರುತ್ತದೆ. ಪಟ್ಟಣದಲ್ಲಿ ನೆಲೆಸಿರುವ ನಿಮ್ಮಲ್ಲಿ ಹಲವರ ಮನೆಯಲ್ಲೂ ಅದು ಇದ್ದೀತು. ತೋಟದಲ್ಲಿ ಅಣ್ಣನಿದ್ದರೂ ಭಾಗ ನಿಮ್ಮದೂ ಉಂಟಷ್ಟೆ! ಆ ಕಾಗದದ ಹೆಸರು ಪಹಣಿ. ಅದರ ಈಚಿನ ಚರಿತ್ರೆಯೇ ನಮ್ಮ ಪ್ರಶ್ನೆಗೆ ಒಳ್ಳೆಯ ಪಾಠ.

ಪಹಣಿಯೆಂದರೆ ಹಕ್ಕು, ಗೇಣಿ ಮತ್ತು ಬೆಳೆಯ ದಾಖಲೆ. ಮೂರನೆಯ ಕಾಲಮಿನಲ್ಲಿ ಜಮೀನಿನ ಒಟ್ಟು ವಿಸ್ತೀರ್ಣ, ಒಂಬತ್ತರಲ್ಲಿ ಸ್ವಾಧೀನದಾರರ ಹೆಸರು ಮತ್ತು ಅವರವರ ಭಾಗ, ಹನ್ನೊಂದರಲ್ಲಿ ಸಾಲ ಮೊದಲಾದ ಋಣಗಳು, ಹನ್ನೆರಡರಲ್ಲಿ ಸಾಗುವಳಿ ಮಾಡುವವರು ಯಾರು, ಏನು ಬೆಳೆದಿದ್ದಾರೆ ಎಂಬ ವಿವರ. ೧೯೬೪ರ ಭೂಕಂದಾಯ ಅಧಿನಿಯಮದ ೧೩೩ನೆಯ ಪ್ರಕರಣವು ಈ ದಾಖಲೆಯಲ್ಲಿ ಬರೆದಿರುವುದು ತಪ್ಪೆಂದು ಸಿದ್ಧವಾಗುವ ತನಕ ನಿಜವೆಂದೇ ತಿಳಿಯತಕ್ಕದ್ದೆಂದು ಹೇಳುತ್ತದೆ. ಇದು ಸಣ್ಣ ಮಾತಲ್ಲ. ಕಣ್ಣಿಗೆ ಕಾಣುವ ತೋಟ ಒಂದು ಕಡೆ, ಕಾಗದದಲ್ಲಿರುವ ತೋಟ ಒಂದು ಕಡೆ ಆದಾಗ, ಕಾಗದದ ತೋಟಕ್ಕೇ ಮೊದಲ ಮಣೆ. ಸಾಬೀತು ಮಾಡುವ ಹೊರೆ ಕಣ್ಣಿಗೆ ಕಾಣುವ ತೋಟದವನ ಮೇಲೆ ಬೀಳುತ್ತದೆ.

ಇಂಥ ಪುಸ್ತಕ ಬಹುಕಾಲ ಶಾನುಭೋಗರ ಮನೆಯಲ್ಲಿತ್ತು. ವಂಶಪಾರಂಪರ್ಯವಾಗಿ ಬಂದ ಆ ಅಧಿಕಾರವನ್ನು ಆಗಿನ ಮೈಸೂರು ರಾಜ್ಯವು ೧೯೬೧ರ ಕಾಯಿದೆಯಿಂದ ರದ್ದುಮಾಡಿತು. ಕಾಯಿದೆ ೧೯೬೩ರಲ್ಲಿ ಜಾರಿಗೆ ಬಂದು, ಪುಸ್ತಕ ಸಂಬಳದ ಗ್ರಾಮ ಲೆಕ್ಕಿಗರ ಚೀಲಕ್ಕೆ ಬಂತು. ಮೂರು ನಾಲ್ಕು ಹಳ್ಳಿಗಳಿಗೆ ಒಬ್ಬ ಲೆಕ್ಕಿಗರು. ಬಯಲುಸೀಮೆಯಲ್ಲಿ ಮೂರು ನಾಲ್ಕು ಹಳ್ಳಿಯೆಂದರೆ ಒಂದು ಬೆಳಗಿನ ನಡಿಗೆ. ಕಳಸದ ಕಡೆ ಹಾಗಲ್ಲ. ಹಳ್ಳಿಯೆಂದರೆ ಒಂದು ಕಣಿವೆಯ ಉದ್ದಕ್ಕೂ ಚೆದರಿದ ಒಂಟಿ ಮನೆಗಳು, ನಡುವೆ ಹಳ್ಳ, ಸಂಕ, ಕಾಡು. ಮಳೆಗಾಲದಲ್ಲಿ ಲೆಕ್ಕಿಗರನ್ನು ಹಿಡಿಯುವುದೇ ಒಂದು ಶಿಕಾರಿ.

ಪುಸ್ತಕ ಕೈಬರಹದ್ದು. ಅದರಲ್ಲಿ ಬರೆಯುವವರ ಲೇಖನಿಗೆ ತುಂಬ ಸ್ವಾತಂತ್ರ್ಯವಿತ್ತು. ಈ ಸ್ವಾತಂತ್ರ್ಯವನ್ನು ಬರಿಯ ಕೆಡುಕೆಂದು ತಳ್ಳಿಹಾಕುವುದು ನ್ಯಾಯವಲ್ಲ. ಊರಿನ ಮನೆಮನೆಯನ್ನೂ ಬಲ್ಲ ಲೆಕ್ಕಿಗರು ತಪ್ಪು ಹೆಸರನ್ನು ಬದುವಿನ ಮೇಲೆ ನಿಂತೇ ಸರಿಪಡಿಸಿಯಾರು. ಅಣ್ಣತಮ್ಮಂದಿರ ಒಪ್ಪಂದವನ್ನು ಕಾಫಿಕಣದಲ್ಲಿ ಕುಳಿತೇ ಬರೆದುಕೊಂಡಾರು. ಆದರೆ ಅದೇ ಲೇಖನಿ ಇನ್ನೊಬ್ಬರ ಕೈಯಲ್ಲಿ ಒಂದು ಸಾಲು ಹೊಡೆದುಹಾಕಿದರೆ, ಅಥವಾ ಒಂದು ಹೆಸರು ಸೇರಿಸಿದರೆ, ಜಮೀನಿನ ಒಡೆಯನಿಗೆ ಸುದ್ದಿಯೇ ಇಲ್ಲ. ಪುಸ್ತಕವನ್ನು ನೋಡಬೇಕಾದರೂ ಅವರನ್ನೇ ಕೇಳಬೇಕು. ಬರೆಯುವ ಅಧಿಕಾರ, ತೋರಿಸುವ ಅಧಿಕಾರ, ಕಾಯಿಸುವ ಅಧಿಕಾರ ಎಲ್ಲವೂ ಒಂದೇ ಚೀಲದಲ್ಲಿ!

ಈ ಚೀಲದ ಬೆಲೆ ಏನೆಂಬುದು ೧೯೭೪ರಲ್ಲಿ ಎಲ್ಲರಿಗೂ ತಿಳಿಯಿತು. ಭೂಸುಧಾರಣಾ ಕಾಯಿದೆಯ ದೊಡ್ಡ ತಿದ್ದುಪಡಿ ಆ ವರ್ಷ ಮಾರ್ಚ್ ೧ರಂದು ಜಾರಿಗೆ ಬಂದು, ಗೇಣಿದಾರರು ಏಳನೆಯ ನಮೂನೆಯ ಅರ್ಜಿ ಹಿಡಿದು ಭೂನ್ಯಾಯಮಂಡಲಿಯ ಮುಂದೆ ನಿಂತಾಗ, ಹನ್ನೆರಡನೆಯ ಕಾಲಮಿನಲ್ಲಿ ಯಾರ ಹೆಸರಿದೆ ಎಂಬುದು ದೊಡ್ಡ ಸಾಕ್ಷ್ಯವಾಯಿತು. ಕಾಫಿಯೇ ಮೊದಲಾದ ಪ್ಲಾಂಟೇಷನ್ ಬೆಳೆಗಳ ತೋಟಗಳನ್ನು ಕಾಯಿದೆ ಭೂಮಿತಿಯ ಹೊರಗಿಟ್ಟಿತ್ತಾದ್ದರಿಂದ, ಬೆಳೆಯ ಜಾಗದಲ್ಲಿ ಕಾಫಿ ಎಂದಿದೆಯೋ ಭತ್ತ ಎಂದಿದೆಯೋ ಎಂಬುದಕ್ಕೂ ತೂಕ ಬಂತು. ಎರಡಕ್ಷರದ ಒಂದು ಮಾತು ಎಷ್ಟೋ ಎಕರೆಯನ್ನು ಹೊತ್ತು ನಿಂತಿತ್ತು.

ಗಣಕಯಂತ್ರ ಈ ಕಥೆಯೊಳಗೆ ಬಂದದ್ದು ತುಸು ಎಡವುತ್ತಲೇ. ಕೇಂದ್ರ ಸರ್ಕಾರ ಭೂದಾಖಲೆಗಳ ಗಣಕೀಕರಣಕ್ಕೆ ೧೯೮೮-೮೯ರಲ್ಲಿ ಯೋಜನೆ ಹಾಕಿತು. ಕರ್ನಾಟಕದಲ್ಲಿ ಮೊದಲ ಪ್ರಯೋಗ ೧೯೯೧ರಲ್ಲಿ ಗುಲ್ಬರ್ಗ ಜಿಲ್ಲೆಯಲ್ಲಿ ನಡೆಯಿತು. ೧೯೯೬ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ಸಿಕ್ಕಿತು. ಆದರೆ ಪಹಣಿ ತಿದ್ದುಪಡಿಯಾಗುತ್ತಿದ್ದದ್ದು ತಾಲ್ಲೂಕು ಮಟ್ಟದಲ್ಲಿ. ಯಂತ್ರ ಬಂದು ಕುಳಿತದ್ದು ಜಿಲ್ಲಾ ಕಚೇರಿಯಲ್ಲಿ. ಯಂತ್ರದೊಳಗೆ ತುಂಬಿದ ಮಾಹಿತಿ ತುಂಬಿದ ದಿನವೇ ಹಳತಾಗತೊಡಗಿತು. ಇತ್ತ ಕೈಪುಸ್ತಕವೇ ಪ್ರಮಾಣವಾಗಿ ಉಳಿಯಿತು. ಬೀಗ ಕೊಂಡದ್ದಾಯಿತು, ಬಾಗಿಲೇ ಇಲ್ಲ ಎಂಬಂಥ ಸ್ಥಿತಿ.

ಈ ಅನುಭವದಿಂದ ಪಾಠ ಕಲಿತು ಕಂದಾಯ ಇಲಾಖೆ ೧೯೯೯ರಿಂದ ಈಚೆಗೆ ಕಟ್ಟಿದ್ದೇ ‘ಭೂಮಿ’. ಇದರ ಮುಂದಾಳು ಐ.ಎ.ಎಸ್. ಅಧಿಕಾರಿ ರಾಜೀವ್ ಚಾವ್ಲಾ. ತಂತ್ರಾಂಶವನ್ನು ಬರೆದವರು ಬೆಂಗಳೂರಿನ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದವರು. ಸುಮಾರು ೬೭ ಲಕ್ಷ ರೈತರ ಸುಮಾರು ೨ ಕೋಟಿ ದಾಖಲೆಗಳು, ೯,೦೦೦ದಷ್ಟು ಗ್ರಾಮ ಲೆಕ್ಕಿಗರ ಬರಹ, ೧೭೭ ತಾಲ್ಲೂಕು ಕೇಂದ್ರಗಳು. ೨೦೦೨ರ ವೇಳೆಗೆ ಮೂಡಿಗೆರೆಯಲ್ಲಾಗಲಿ ಮುಳಬಾಗಿಲಿನಲ್ಲಾಗಲಿ ತಾಲ್ಲೂಕು ಕಚೇರಿಯಲ್ಲಿ ಒಂದು ಕಿಂಡಿ ತೆರೆದಿತ್ತು. ಅಲ್ಲಿ ೧೫ ರೂಪಾಯಿ ಕೊಟ್ಟು ಸರ್ವೆ ನಂಬರು ಹೇಳಿದವರಿಗೆ ಸ್ವಲ್ಪ ಹೊತ್ತಿನಲ್ಲೇ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು.

ಜನ ಕಂಡದ್ದು ಆ ಕಿಂಡಿಯನ್ನು. ನಮಗೆ ಈಗ ಬೇಕಾದದ್ದು ಕಿಂಡಿಯ ಹಿಂದೆ ತಂತ್ರಾಂಶದೊಳಗೆ ಹಾಕಿದ್ದ ಬೀಗಗಳು.

ಮೊದಲನೆಯದು ಬೆರಳಗುರುತು. ದಾಖಲೆಯನ್ನು ಮುಟ್ಟುವ ಪ್ರತಿಯೊಬ್ಬ ಸಿಬ್ಬಂದಿಯೂ ಯಂತ್ರಕ್ಕೆ ತನ್ನ ಬೆರಳು ಒತ್ತಬೇಕು. ಯಾರು, ಯಾವಾಗ, ಏನು ಮಾಡಿದರೆಂಬುದು ಯಂತ್ರದಲ್ಲಿ ದಾಖಲಾಗುತ್ತದೆ. ಗುಪ್ತಪದವಾದರೆ ಪಕ್ಕದವನಿಗೆ ಹೇಳಿ ಟೀ ಕುಡಿಯಲು ಹೋಗಬಹುದು. ಬೆರಳನ್ನು ಬಿಟ್ಟು ಹೋಗುವುದು ಕಷ್ಟ. ಇದರಲ್ಲಿ ಒಂದು ತಮಾಷೆಯೂ ಉಂಟು. ಒಂದು ಕಾಲಕ್ಕೆ ಅಕ್ಷರ ಬಾರದ ರೈತ ಹೆಬ್ಬೆಟ್ಟು ಒತ್ತುತ್ತಿದ್ದ, ಓದಿದ ಅಧಿಕಾರಿ ರುಜು ಹಾಕುತ್ತಿದ್ದರು. ಈಗ ಬೆರಳು ಒತ್ತುವ ಸರದಿ ಅಧಿಕಾರಿಗಳದಾಯಿತು!

ಎರಡನೆಯದು ಸರದಿ. ಖಾತೆ ಬದಲಾವಣೆಗೆ ಮೊದಲು ಬಂದ ಅರ್ಜಿ ಮೊದಲು ಇತ್ಯರ್ಥವಾಗಬೇಕು. ನಡುವಿನದನ್ನು ಎತ್ತಿ ಮುಂದೆ ತರಲು ತಂತ್ರಾಂಶ ಬಿಡುವುದಿಲ್ಲ. ಇದನ್ನು ಸಣ್ಣದೆಂದು ತಿಳಿಯಬೇಡಿ. ಕಚೇರಿಯಲ್ಲಿ ಮಾರಾಟವಾಗುತ್ತಿದ್ದ ಮುಖ್ಯ ಸರಕು ತೀರ್ಪಲ್ಲ, ಸರದಿ. ‘ನಿಮ್ಮದನ್ನು ಸ್ವಲ್ಪ ಮುಂಚೆ ಮಾಡಿಕೊಡೋಣ’ ಎಂಬ ಮಾತಿಗೆ ಇದ್ದ ಬೆಲೆ ನಿಮಗೆ ತಿಳಿಯದ್ದಲ್ಲ.

ಮೂರನೆಯದು ಕಾಗದದ ಚಿತ್ರ. ಆಜ್ಞೆಯ ಪತ್ರವನ್ನೂ ಪಕ್ಷಗಾರರಿಗೆ ಮುಟ್ಟಿಸಿದ ನೋಟೀಸನ್ನೂ ಸ್ಕ್ಯಾನ್ ಮಾಡಿ ಇಡುತ್ತಿದ್ದರು. ನಾನು ಹಾಗೆ ಬರೆದಿರಲಿಲ್ಲ ಎಂದು ನಾಳೆ ಯಾರೂ ಹೇಳುವಂತಿಲ್ಲ. ಇವೆಲ್ಲಕ್ಕೂ ಮೇಲೆ, ಗಣಕೀಕರಣ ಮುಗಿದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಇನ್ನು ಮಾನ್ಯತೆಯಿಲ್ಲ ಎಂದು ಸರ್ಕಾರ ಸಾರಿತು. ಚೀಲ ಖಾಲಿಯಾಯಿತು.

ಆದರೆ ನನಗೆ ಇವೆಲ್ಲಕ್ಕಿಂತ ಮೆಚ್ಚಿಗೆಯಾದದ್ದು ಬೀಗವಲ್ಲದ ಇನ್ನೊಂದು ಏರ್ಪಾಡು. ಕಿಂಡಿಯಲ್ಲಿ ಗುಮಾಸ್ತರ ಕಡೆಗೆ ಒಂದು ಪರದೆ ಇದ್ದಂತೆ, ರೈತನ ಕಡೆಗೆ ತಿರುಗಿದ ಎರಡನೆಯ ಪರದೆಯೊಂದನ್ನು ಇಟ್ಟರು. ಒಳಗೆ ಬೆರಳಚ್ಚಾಗುತ್ತಿರುವುದು ಹೊರಗೆ ನಿಂತವನಿಗೂ ಕಾಣಬೇಕು. ರಂಗೇಗೌಡ ಎಂದಿರಬೇಕಾದ ಕಡೆ ರಂಗಗೌಡ ಎಂದಾದರೆ ಅಲ್ಲೇ ಬಾಯಿ ಬಿಟ್ಟು ಹೇಳಬಹುದು. ಖರ್ಚಿನ ಲೆಕ್ಕದಲ್ಲಿ ಅದೊಂದು ಸಾಧಾರಣ ಪರದೆ; ಆದರೆ ತಲೆಮಾರುಗಳಿಂದ ಬರೆಯುವವನ ಮುಖ ನೋಡುತ್ತ ನಿಂತವನಿಗೆ ಬರಹವನ್ನೇ ನೋಡುವ ಅವಕಾಶ.

ಈ ವಿಚಾರಗಳ ಬೇರುಗಳನ್ನು ಹುಡುಕಿದರೆ ನಾವು ಅಮೆರಿಕದ ಮಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯ ಅಂಗಳಕ್ಕೆ ಹೋಗಿ ನಿಲ್ಲುತ್ತೇವೆ. ಅಲ್ಲಿ ಫರ್ನಾಂಡೊ ಕಾರ್ಬಟೋ ಅವರ ತಂಡ ೧೯೬೧ರಲ್ಲಿ ಒಂದೇ ಗಣಕವನ್ನು ಹಲವರು ಹಂಚಿಕೊಂಡು ಬಳಸುವ ವ್ಯವಸ್ಥೆಯನ್ನು ತೋರಿಸಿತು. ಒಬ್ಬರ ಕಡತಕ್ಕೆ ಇನ್ನೊಬ್ಬರು ಕೈಹಾಕದಿರಲೆಂದು ಅದಕ್ಕೆ ಗುಪ್ತಪದವೂ ಬಂತು. ಮರುವರ್ಷವೇ ಆಲನ್ ಷೆರ್ ಎಂಬ ಸಂಶೋಧನ ವಿದ್ಯಾರ್ಥಿ, ತನಗೆ ಕೊಟ್ಟ ಗಣಕದ ಸಮಯ ಸಾಲದೆಂದು, ಗುಪ್ತಪದಗಳ ಪಟ್ಟಿಯನ್ನೇ ಅಚ್ಚು ಹಾಕಿಸಿಕೊಂಡ. ಬೀಗ ಹುಟ್ಟಿದ ಮನೆಯಲ್ಲೇ ಕಳ್ಳಗೀಲಿಯೂ ಹುಟ್ಟಿತು. ಅದೇ ಸಂಸ್ಥೆಯ ಕೃತಕ ಬುದ್ಧಿಮತ್ತೆಯ ಪ್ರಯೋಗಶಾಲೆಯವರು ಅರವತ್ತರ ದಶಕದ ಕೊನೆಗೆ ಇದಕ್ಕೆ ತೀರ ವಿರುದ್ಧವಾದ ವ್ಯವಸ್ಥೆ ಕಟ್ಟಿದರು: ಗುಪ್ತಪದವಿಲ್ಲ, ಯಾರ ಕಡತವನ್ನಾದರೂ ಯಾರಾದರೂ ನೋಡಬಹುದು, ಇಡೀ ಯಂತ್ರವನ್ನು ಕೆಡವುವ ಆಜ್ಞೆಯೊಂದು ಎಲ್ಲರಿಗೂ ಬಹಿರಂಗ. ಕೆಡವುವುದು ಅಷ್ಟು ಸುಲಭವಾದ ಮೇಲೆ ಕೆಡವಿ ಜಂಬ ಪಡುವುದೇನು ಬಂತು? ಆ ಶಾಲೆಯಲ್ಲಿ ಪಳಗಿದ ರಿಚರ್ಡ್ ಸ್ಟಾಲ್‌ಮನ್, ತಂತ್ರಾಂಶವನ್ನು ಬಿಚ್ಚಿ ನೋಡುವ ಮತ್ತು ತಿದ್ದುವ ಹಕ್ಕು ಬಳಸುವವನದೇ ಎಂದು ವಾದಿಸಿ ೧೯೮೩ರಲ್ಲಿ ಒಂದು ಚಳವಳಿಯನ್ನೇ ಆರಂಭಿಸಿದರು.

ಒಬ್ಬರನ್ನೊಬ್ಬರು ಬಲ್ಲ ಹತ್ತಿಪ್ಪತ್ತು ಮಂದಿಯ ಪ್ರಯೋಗಶಾಲೆಗೆ ಹೊಂದಿದ ಧಾರಾಳ ತಾಲ್ಲೂಕು ಕಚೇರಿಗೆ ಹೊಂದಲಾರದು. ಅಲ್ಲಿ ಕಡತವೆಂದರೆ ಅನ್ನ. ಅದೇ ಸಂಸ್ಥೆಯ ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೆಲ್ ಷ್ರೋಡರ್ ೧೯೭೫ರಲ್ಲಿ ಬರೆದ ಒಂದು ಪ್ರಬಂಧ ಇಲ್ಲಿ ನಮಗೆ ಹೆಚ್ಚು ನೆರವಾಗುತ್ತದೆ. ಅನುಮತಿ ಸ್ಪಷ್ಟವಾಗಿ ಇಲ್ಲದ ಕಡೆ ಇಲ್ಲವೆಂದೇ ಯಂತ್ರ ಉತ್ತರಿಸಬೇಕು. ಪ್ರತಿಯೊಬ್ಬನಿಗೂ ಅವನ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವಿರಬೇಕು. ಮುಖ್ಯವಾದ ಬಾಗಿಲಿಗೆ ಎರಡು ಕೀಲಿ, ಇಬ್ಬರ ಕೈಯಲ್ಲಿ ಇರಬೇಕು ಎಂಬಂಥ ನಿಯಮಗಳನ್ನು ಅವರು ಹೇಳಿದರು. ‘ಭೂಮಿ’ಯಲ್ಲಿ ನಮೂದಿಸುವವರೊಬ್ಬರು, ಆಜ್ಞೆ ಮಾಡುವವರೊಬ್ಬರು, ತಾಳೆ ನೋಡಿ ಬೆರಳು ಒತ್ತುವವರೊಬ್ಬರು ಎಂದು ಕೆಲಸವನ್ನು ಒಡೆದದ್ದು ಇದೇ ಜಾಡಿನದು. ಆ ಪ್ರಬಂಧದಲ್ಲಿ ಇನ್ನೊಂದು ನಿಯಮವಿದೆ. ಓದಿದವರು ಅದನ್ನು ಬೇಗ ಮರೆಯುತ್ತಾರೆ. ಭದ್ರತೆಯ ಏರ್ಪಾಡು ಬಳಸುವವನ ಮನಸ್ಸಿಗೆ ಒಗ್ಗುವಂತೆ, ಸರಿಯಾದ ದಾರಿಯೇ ಸುಲಭದ ದಾರಿಯಾಗುವಂತೆ ಇರಬೇಕು ಎಂಬುದೇ ಅದು.

ಸ್ವಾತಂತ್ರ್ಯವನ್ನು ಒತ್ತೆಯಿಟ್ಟು ಭದ್ರತೆಯನ್ನು ಪಡೆಯುವ ಲೆಕ್ಕ ಕಾಫಿ ಬೆಳೆಗಾರರಿಗೆ ಹೊಸದೇನಲ್ಲ. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಪೇಟೆ ಮುಚ್ಚಿದಾಗ, ೧೯೪೦ರ ಸುಗ್ರೀವಾಜ್ಞೆ ಮತ್ತು ೧೯೪೨ರ ಕಾಯಿದೆಯಿಂದ ‘ಪೂಲ್’ ಬಂತು. ಬೆಳೆದ ಕಾಫಿಯನ್ನು ಮಂಡಳಿಗೇ ಒಪ್ಪಿಸಬೇಕು, ಬೇರೆ ಮಾರುವಂತಿಲ್ಲ. ಮಂಡಳಿ ಹರಾಜು ಹಾಕಿ ಹಣವನ್ನು ಕಂತುಕಂತಾಗಿ ಕೊಡುತ್ತಿತ್ತು. ಪೇಟೆಯ ಕಾಣದ ಕೈಯಿಂದ ರಕ್ಷಣೆಯೇನೋ ಸಿಕ್ಕಿತು. ಆದರೆ ತನ್ನ ಕಣದ ಕಾಫಿಯನ್ನು ತಾನೇ ಮಾರಿದರೆ ಅಪರಾಧ, ಕೊನೆಯ ಕಂತು ಯಾವಾಗ ಬಂದೀತೆಂದು ಕೇಳಿದರೆ ಉತ್ತರವಿಲ್ಲ. ೧೯೯೨ರಿಂದ ಹಂತಹಂತವಾಗಿ ಸಡಿಲಿಸಿ ೧೯೯೬ರಲ್ಲಿ ಪೂಲನ್ನು ಕೈಬಿಟ್ಟರು. ಒಳ್ಳೆಯ ಬೆಲೆಯ ಕೆಲವು ವರ್ಷಗಳ ಬಳಿಕ, ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಬೆಲೆ ನೆಲಕ್ಕೆ ಬಿದ್ದಾಗ, ಪೂಲನ್ನು ಬೈದವರೇ ಅದನ್ನು ನೆನೆಸಿಕೊಂಡರು. ಈ ಬೆಟ್ಟದ ಜನಕ್ಕೆ ಬೀಗದ ಸುಖವೂ ಗೊತ್ತು, ಬೀಗವಿಲ್ಲದ ಬಯಲೂ ಗೊತ್ತು. ಪಹಣಿಗೆ ಬೀಗ ಬಿದ್ದಾಗ ಅವರು ತಕ್ಷಣ ಹಿಗ್ಗಲೂ ಇಲ್ಲ, ತಕ್ಷಣ ಗೊಣಗಲೂ ಇಲ್ಲವೆಂದರೆ ಅದಕ್ಕೆ ಈ ಅನುಭವವೂ ಕಾರಣವಿದ್ದೀತು.

ಗೊಣಗಾಟ ನಿಧಾನವಾಗಿ ಬಂತು. ಅದರ ಮೂಲ ಎಲ್ಲಿತ್ತೆಂದರೆ, ೨ ಕೋಟಿ ದಾಖಲೆಗಳನ್ನು ಯಂತ್ರಕ್ಕೆ ತುಂಬಿದ ಬಗೆಯಲ್ಲಿ. ಹಲವು ಕೈಗಳ ಬರಹ, ಮಾಸಿದ ಮಸಿ, ಮಲೆನಾಡಿನ ತೇವಕ್ಕೆ ಅಂಟಿಕೊಂಡ ಹಾಳೆಗಳು. ಗುತ್ತಿಗೆ ಸಂಸ್ಥೆಗಳ ಹುಡುಗರು ಬೆರಳಚ್ಚು ಮಾಡಿದರು, ಲೆಕ್ಕಿಗರು ಪ್ರತಿ ತೆಗೆಸಿ ತಾಳೆ ನೋಡಿದರು. ಎಷ್ಟು ಎಚ್ಚರ ವಹಿಸಿದರೂ ಇಷ್ಟು ದೊಡ್ಡ ರಾಶಿಯಲ್ಲಿ ಜಳ್ಳು ಉಳಿಯದೆ ಇರುವುದಿಲ್ಲ. ಹಳೆಯ ಪುಸ್ತಕದಲ್ಲಿದ್ದ ತಪ್ಪುಗಳೂ ಬಂದವು, ಹೊಸ ತಪ್ಪುಗಳೂ ಸೇರಿದವು. ಅವೆಲ್ಲ ಒಳಕ್ಕೆ ಬಂದ ಮೇಲೆ ಬೀಗ ಬಿತ್ತು. ನಿನ್ನೆಯ ತನಕ ಲೇಖನಿಯ ಒಂದು ಗೀಟಿನಿಂದ ಹೋಗುತ್ತಿದ್ದ ತಪ್ಪಿಗೆ ಇಂದು ಅರ್ಜಿ ಬೇಕು, ಹಳೆಯ ಪುಸ್ತಕದ ನಕಲು ಬೇಕು, ಮೇಲಧಿಕಾರಿಯ ಆಜ್ಞೆ ಬೇಕು. ಒಪ್ಪದಿದ್ದರೆ ಉಪವಿಭಾಗಾಧಿಕಾರಿಗಳ ಮುಂದೆ ಮೇಲ್ಮನವಿ. ಕಳ್ಳನನ್ನು ತಡೆಯುವ ಬೀಗ ಮನೆಯವನನ್ನೂ ಹೊರಗೆ ನಿಲ್ಲಿಸಿತು. ಮುಚ್ಚಳಕ್ಕೆ ತಿರುಪು ಇಟ್ಟಿದ್ದರು, ನಿಜ. ಆದರೆ ತಿರುಪುಳಿ ಇದ್ದದ್ದು ಬಲು ದೂರದಲ್ಲಿ.

ದೂರವೆಂದದ್ದು ಬರಿಯ ಅಲಂಕಾರವಲ್ಲ. ಕಳಸ ಆಗ ಮೂಡಿಗೆರೆ ತಾಲ್ಲೂಕಿನ ಒಂದು ಹೋಬಳಿ. ಅದು ತಾಲ್ಲೂಕಾದದ್ದು ಎಷ್ಟೋ ವರ್ಷಗಳ ಮೇಲೆ. ಭದ್ರೆಯ ಆಚೆಯ ಒಂದು ಮನೆಯಿಂದ ಹೊರಟು, ಕಳಸಕ್ಕೆ ಬಂದು, ಕೊಟ್ಟಿಗೆಹಾರದ ಘಟ್ಟದ ದಾರಿ ಹಿಡಿದು ಮೂಡಿಗೆರೆ ಮುಟ್ಟುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ. ಪಹಣಿಯ ನಕಲು ಸಿಗಲು ಇದು ಒಂದು ಸಲದ ಪ್ರಯಾಣ. ತಪ್ಪು ತಿದ್ದಿಸಲು ಎಷ್ಟು ಸಲವೆಂದು ಹೇಳಲಾಗದು. ಚೀಲದ ಲೆಕ್ಕಿಗರು ಏನೇ ಆಗಿರಲಿ, ಮನೆಯ ಬಾಗಿಲಿಗೆ ಬರುತ್ತಿದ್ದರು.

ಇನ್ನೊಂದು ತೊಡಕನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಿಮ್ಮ ಪಹಣಿಯಲ್ಲೂ ಅದು ಇದ್ದೀತು. ನಾಲ್ಕು ಎಕರೆಯ ಒಂದು ಸರ್ವೆ ನಂಬರು ಇದೆ ಎನ್ನಿ. ಮೂವರು ಅಣ್ಣತಮ್ಮಂದಿರು. ಭಾಗವಾದಾಗ ಯಾರೋ ಅಂದಾಜಿನ ಮೇಲೆ ತಲೆಗೆ ೧ ಎಕರೆ ೧೫ ಗುಂಟೆ ಎಂದು ಬರೆದರು. ಮೂರನ್ನೂ ಕೂಡಿದರೆ ೪ ಎಕರೆ ೫ ಗುಂಟೆ. ಇಲ್ಲದ ಐದು ಗುಂಟೆ ಕಾಗದದಲ್ಲಿ ಹುಟ್ಟಿತು! ಕೈಪುಸ್ತಕ ಇದನ್ನು ಸಹಿಸಿಕೊಂಡಿತ್ತು. ಬೇಲಿ ಇದ್ದಲ್ಲೇ ಇತ್ತು, ಯಾರಿಗೂ ನಷ್ಟವಿರಲಿಲ್ಲ. ಯಂತ್ರ ಮಾತ್ರ ಸಹಿಸಲಿಲ್ಲ. ಮೂರನೆಯ ಕಾಲಮಿನ ಒಟ್ಟು ವಿಸ್ತೀರ್ಣಕ್ಕೂ ಒಂಬತ್ತನೆಯ ಕಾಲಮಿನ ಭಾಗಗಳ ಮೊತ್ತಕ್ಕೂ ತಾಳೆಯಾಗದಿದ್ದರೆ ಆ ನಂಬರಿನಲ್ಲಿ ಹಕ್ಕು ಬದಲಾವಣೆ ಮುಂದೆ ಹೋಗದು. ಕಂದಾಯ ಕಚೇರಿಗಳಲ್ಲಿ ‘ಮೂರು ಒಂಬತ್ತು ತಾಳೆ’ ಎಂಬ ಮಾತೇ ಹುಟ್ಟಿಕೊಂಡಿತು. ಯಂತ್ರ ಹೇಳುವುದು ಗಣಿತದ ಮಟ್ಟಿಗೆ ಸರಿ. ನಾಲ್ಕನ್ನು ನಾಲ್ಕೂಚಿಲ್ಲರೆ ಮಾಡಿ ಮಾರುವ ಮೋಸಗಾರರು ಇದ್ದರೆಂಬುದೂ ನಿಜ. ಆದರೆ ಬರೆದವನ ಕೂಡುವಿಕೆಯ ತಪ್ಪಿಗೆ ದಂಡ ತೆರುವವನು ಮಗಳ ಮದುವೆಗೆಂದು ಅರ್ಧ ಎಕರೆ ಮಾರಹೊರಟ ತಮ್ಮ. ನಂಬರಿನ ಒಂದು ತುಂಡನ್ನು ಮಾರಬೇಕಾದರೆ ಅಳತೆ ಮಾಡಿಸಿ ೧೧-ಇ ನಕ್ಷೆ ಪಡೆಯಬೇಕೆಂಬ ನಿಯಮವೂ ಮುಂದೆ ಬಂತು. ಅದೂ ಒಳ್ಳೆಯ ಬೀಗವೇ. ಆದರೆ ಅಳತೆಯವರು ಬರಬೇಕು. ಇಳಿಜಾರಿನ ತೋಟದಲ್ಲಿ, ಜಿಗಣೆ ಕಾಟದ ನಡುವೆ, ಸರಪಳಿ ಎಳೆಯ ಹೋದವರಿಗೆ ಗೊತ್ತು ಅದರ ಪಾಡು.

ಸೊಲೊಮನ್ ಬೆಂಜಮಿನ್ ಮತ್ತು ಅವರ ಸಂಗಡಿಗರು ೨೦೦೭ರಲ್ಲಿ ಬೆಂಗಳೂರಿನ ಸುತ್ತಿನ ಅನುಭವವನ್ನು ನೋಡಿ ‘ಭೂಮಿ’ಯನ್ನು ಕಟುವಾಗಿಯೇ ಟೀಕಿಸಿದರು. ಲಂಚ ಅಳಿಯಲಿಲ್ಲ, ಹಳ್ಳಿಯಿಂದ ತಾಲ್ಲೂಕಿಗೆ ಏರಿ ದುಬಾರಿಯಾಯಿತು. ದಾಖಲೆ ಒಂದೆಡೆ ಸೇರಿದ್ದರಿಂದ ದೊಡ್ಡ ಭೂವ್ಯವಹಾರದವರಿಗೇ ಅನುಕೂಲವಾಯಿತು ಎಂದು ಅವರ ವಾದ. ಯೋಜನೆಯನ್ನು ಹೊಗಳಿದ ವರದಿಗಳೂ ಸಾಕಷ್ಟಿವೆ. ಬೆಂಗಳೂರಿನ ಅಂಚಿನ ಭೂಮಿಯ ಕಥೆಯನ್ನು ಹಾಗೆಯೇ ಕಾಫಿ ಬೆಟ್ಟಕ್ಕೆ ಹೊಂದಿಸುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಆದರೂ ಅವರು ಎತ್ತಿದ ಒಂದು ಮಾತು ಇಲ್ಲಿಗೂ ಸಲ್ಲುತ್ತದೆ. ನೋಡುವ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಾಗ ಅದು ಎಲ್ಲರಿಗೂ ಸಮವಾಗಿ ಒದಗುವುದಿಲ್ಲ. ನಿಮ್ಮ ಪಹಣಿಯನ್ನು ನೀವು ವರ್ಷಕ್ಕೊಮ್ಮೆ ನೋಡುತ್ತೀರಿ. ಕೊಳ್ಳುವ ಹಂಚಿಕೆಯವನು ಇಡೀ ಊರಿನದನ್ನು ಒಂದೇ ದಿನ ನೋಡುತ್ತಾನೆ.

೨೦೧೯ರ ಆಗಸ್ಟ್ ತಿಂಗಳ ಮಳೆಯನ್ನು ನೀವು ಮರೆತಿರಲಾರಿರಿ. ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಮೊದಲಾದ ಕಡೆ ಗುಡ್ಡಗಳೇ ಕುಸಿದು ತೋಟ, ಗದ್ದೆ, ಮನೆ ಕೊಚ್ಚಿಹೋದವು. ಬೆಳೆ ಹಾನಿಯ ಹಣ ‘ಪರಿಹಾರ’ ಎಂಬ ತಂತ್ರಾಂಶದ ಮೂಲಕ ನೇರವಾಗಿ ಬ್ಯಾಂಕಿನ ಖಾತೆಗೆ ಬರುವ ಏರ್ಪಾಡು. ನಡುವೆ ಯಾರೂ ಕೈಹಾಕುವಂತಿಲ್ಲ. ಇದಕ್ಕಿಂತ ಭದ್ರವಾದದ್ದು ಇನ್ನೇನು ಬೇಕು ಎಂದೆನ್ನಿಸುತ್ತದೆ. ಆದರೆ ಹಣ ಹುಡುಕಿಕೊಂಡು ಹೋಗುವುದು ಪಹಣಿಯ ಹೆಸರನ್ನು. ಖಾತೆ ತೀರಿಕೊಂಡ ತಂದೆಯ ಹೆಸರಿನಲ್ಲೋ ಅಜ್ಜನ ಹೆಸರಿನಲ್ಲೋ ಉಳಿದಿದ್ದರೆ, ಆ ಹೆಸರಿಗೆ ಬ್ಯಾಂಕಿನಲ್ಲಿ ಲೆಕ್ಕವೆಲ್ಲಿಯದು? ಪೌತಿ ಖಾತೆ ಮಾಡಿಸಿರಲಿಲ್ಲ ಏಕೆಂದರೆ ಒಬ್ಬ ತಮ್ಮ ಬೆಂಗಳೂರಿನಲ್ಲಿ, ಒಬ್ಬ ತಂಗಿ ಉಡುಪಿಯಲ್ಲಿ, ಎಲ್ಲರ ರುಜು ಒಂದೆಡೆ ಸೇರಿರಲಿಲ್ಲ. ಪಟ್ಟಣದಲ್ಲಿ ಕುಳಿತು ಇದನ್ನು ಓದುತ್ತಿರುವ ನಮ್ಮ ನಿಮ್ಮಂಥವರೇ ಆ ತಮ್ಮಂದಿರು, ತಂಗಿಯರು ಎಂಬುದನ್ನೂ ಹೇಳಿಬಿಡುವುದು ಮೇಲು. ಗುಡ್ಡ ಜಾರಿ ತೋಟ ಹೊಳೆಗೆ ಹೋದರೂ ಸರ್ವೆ ನಂಬರು ಯಂತ್ರದಲ್ಲಿ ಕದಲದೆ ಕುಳಿತಿರುತ್ತದೆ, ಅಜ್ಜನ ಹೆಸರಿನೊಡನೆ.

ಹಾಗೆಂದು ಬೀಗವನ್ನು ಕಿತ್ತೆಸೆಯೋಣವೇ? ಚೀಲದ ಕಾಲ ಬೇಕೆಂದು ಹೇಳುವ ಧೈರ್ಯ ನನಗಿಲ್ಲ. ಆಗಬೇಕಾದದ್ದು ಬೇರೆ. ನೋಡುವುದಕ್ಕೆ ತಡೆಯಿರಬಾರದು, ತಿದ್ದುವುದಕ್ಕೆ ತಡೆಯಿರಬೇಕು. ಆದರೆ ‘ಇದು ತಪ್ಪು’ ಎಂದು ಹೇಳುವುದು ನೋಡುವಷ್ಟೇ ಸುಲಭವಾಗಿರಬೇಕು. ‘ಭೂಮಿ’ಯನ್ನು ಕಟ್ಟಿದವರು ಮೊದಲ ಎರಡನ್ನು ಚೆನ್ನಾಗಿ ಮಾಡಿದರು. ಮೂರನೆಯದಕ್ಕೆ ಎರಡನೆಯ ಪರದೆಯೊಂದನ್ನು ಇಟ್ಟರು. ಆದರೆ ಆ ಪರದೆಯ ಮುಂದೆ ನಿಂತವನು ತಪ್ಪನ್ನು ಕಂಡು ಹೇಳಿದ ಮಾತು ಮುಂದೆ ಎಲ್ಲಿಗೆ ಹೋಗಬೇಕೆಂಬ ದಾರಿಯನ್ನು ಅಷ್ಟು ಮುತುವರ್ಜಿಯಿಂದ ಕಡಿಯಲಿಲ್ಲ.

ಈಚಿನ ವರ್ಷಗಳಲ್ಲಿ ಆ ದಾರಿ ಅಲ್ಲಲ್ಲಿ ತೆರೆಯುತ್ತಿದೆ. ೨೦೨೦ರ ಮುಂಗಾರಿನಲ್ಲಿ ಬೆಳೆ ಸಮೀಕ್ಷೆಯ ಮೊಬೈಲ್ ತಂತ್ರಾಂಶವನ್ನು ಸರ್ಕಾರ ರೈತರ ಕೈಗೇ ಕೊಟ್ಟಿತು. ತನ್ನ ಜಮೀನಿನಲ್ಲಿ ನಿಂತು, ಬೆಳೆಯ ಚಿತ್ರ ತೆಗೆದು, ಹೆಸರು ಬರೆದು ಕಳಿಸಬಹುದು. ೧೯೭೪ರಲ್ಲಿ ಎಷ್ಟೋ ಜನರ ಹಣೆಬರಹ ಬರೆದ ಹನ್ನೆರಡನೆಯ ಕಾಲಮಿಗೆ ಬೆಳೆಯುವವನೇ ವಿವರ ಬರೆಯುವಂತಾಯಿತು! ಬರೆದದ್ದೇ ಕೊನೆಯಲ್ಲ, ಮೇಲ್ವಿಚಾರಕರು ಪರಿಶೀಲಿಸುತ್ತಾರೆ. ‘ಬೆಳೆ ದರ್ಶಕ್’ ಎಂಬ ಇನ್ನೊಂದು ತಂತ್ರಾಂಶದಲ್ಲಿ ದಾಖಲಾದದ್ದನ್ನು ನೋಡಿ ಆಕ್ಷೇಪಣೆ ಸಲ್ಲಿಸಬಹುದು. ಬಯಲುಸೀಮೆಯ ಜೋಳದ ಹೊಲಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ. ಕಾಫಿ ತೋಟಕ್ಕೆ ಅಷ್ಟು ಸರಾಗವಲ್ಲ: ಕೆಳಗೆ ಕಾಫಿ, ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸು, ಹಳ್ಳದ ದಂಡೆಗೆ ಏಲಕ್ಕಿ, ನಡುವೆ ಅಡಿಕೆ. ಒಂದು ಚಿತ್ರದೊಳಗೆ ಯಾವುದನ್ನು ಹಿಡಿಯುವುದು? ದಟ್ಟ ಮರಗಳ ಅಡಿಯಲ್ಲಿ ಮೊಬೈಲು ತಾನೆಲ್ಲಿದ್ದೇನೆಂಬುದನ್ನು ತುಸು ಅತ್ತಿತ್ತ ಹೇಳುವುದೂ ಉಂಟು. ಆದರೂ ಲೇಖನಿ ಕೈಗೆ ಬಂದದ್ದು ಬಂದದ್ದೇ.

೨೦೨೪ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಕೆಲಸ ನಡೆದಾಗ ಗ್ರಾಮ ಆಡಳಿತಾಧಿಕಾರಿಗಳು, ಅಂದರೆ ಹಿಂದಿನ ಗ್ರಾಮ ಲೆಕ್ಕಿಗರೇ, ಮತ್ತೆ ಮನೆಬಾಗಿಲಿಗೆ ಬರಬೇಕಾಯಿತು. ತೀರಿಕೊಂಡವರ ಹೆಸರಿನ ಖಾತೆಗಳು ರಾಶಿಯಾಗಿ ಕಾಣಿಸಿಕೊಂಡದ್ದು ಆಗಲೇ; ಪೌತಿ ಖಾತೆಗೆ ಅಭಿಯಾನ ಹೂಡಿದ್ದು ಆ ಬಳಿಕ. ಅದೇ ವರ್ಷದ ಜನವರಿಯಲ್ಲಿ ‘ಭೂ ಸುರಕ್ಷಾ’ ಎಂಬ ಹೆಸರಿನಲ್ಲಿ, ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಯಲ್ಲಿರುವ ಹಳೆಯ ಪುಸ್ತಕಗಳನ್ನು ಹಾಳೆ ಹಾಳೆಯಾಗಿ ಸ್ಕ್ಯಾನ್ ಮಾಡುವ ಕೆಲಸವೂ ಮೊದಲಾಯಿತು. ಯಂತ್ರದ ಪಹಣಿಯಲ್ಲಿ ತಪ್ಪಿದೆ ಎನ್ನುವವನು ಹಳೆಯ ಪುಸ್ತಕದ ನಕಲಿಗಾಗಿ ಅಲೆಯುವುದು ಇದರಿಂದ ಕಡಿಮೆಯಾದೀತು. ಹಾಳೆ ಕಳೆದುಹೋಯಿತು ಎಂಬ ಉತ್ತರವನ್ನು ಅಷ್ಟು ಸುಲಭವಾಗಿ ಹೇಳಲಾಗದು. ಈ ಚಿತ್ರಗಳಲ್ಲಿ ಹಾಳೆಯ ಮೇಲಿದ್ದದ್ದೆಲ್ಲ ಇದ್ದಂತೆಯೇ ಇಳಿಯುತ್ತದೆ: ಹೊಡೆದುಹಾಕಿದ ಸಾಲು, ಅದರ ಮೇಲೆ ಬರೆದ ಹೊಸ ಹೆಸರು, ಅಂಚಿನಲ್ಲಿ ತಿದ್ದಿದವರ ಚಿಕ್ಕ ರುಜು ಮತ್ತು ತಾರೀಖು. ಅಚ್ಚಾದ ಪಹಣಿಯಲ್ಲಿ ಇವು ಯಾವುವೂ ಕಾಣುವುದಿಲ್ಲ.